ವ್ಯಾಕರಣದಿಂದ ಕಣ್ಕಟ್ಟಿಗೆ: ಸ್ಕಾಟ್ಸ್ ಭಾಷೆಯ ‘ಗ್ಲಾಮರ್’ ಪದದ ಚರಿತ್ರೆ

ಸಾರಾಂಶ: ಸ್ಕಾಟ್ಸ್ ಭಾಷೆಯ ‘ಗ್ಲಾಮರ್’ ಪದಕ್ಕೆ ಸೂಚಿತವಾಗಿರುವ ಎರಡು ನಿಷ್ಪತ್ತಿಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಕೇವಲ ಅರ್ಥಸಾಮ್ಯಕ್ಕಿಂತ, ಧ್ವನಿಪಲ್ಲಟಕ್ಕೂ ಅರ್ಥಪಲ್ಲಟಕ್ಕೂ ಪ್ರತ್ಯೇಕವಾಗಿ ದೊರೆಯುವ ಸಮಾನಾಂತರಗಳೇ ಇಲ್ಲಿ ನಿರ್ಣಾಯಕವೆಂಬುದು ಇದರ ವಾದ.

‘ಗ್ಲಾಮರ್’ ಪದದ ಮೊದಲ ಲಿಖಿತ ಪ್ರಯೋಗಗಳು 18ನೆಯ ಶತಮಾನದ ಆರಂಭಕ್ಕೆ ಸೇರುತ್ತವೆ. ಕವಿ ಅಲನ್ ರಾಮ್ಸೆ 1720ರ ಷೇರುಪೇಟೆಯ ಏರಿಳಿತವನ್ನು ಕುರಿತ ಪದ್ಯದಲ್ಲಿ, ಸೈತಾನನು ಮಾಟಗಾತಿಯ ಕಣ್ಣಿಗೆ ಕವಿಸುವ ವಂಚನೆಯನ್ನು ಈ ಪದದಿಂದ ಸೂಚಿಸುತ್ತಾನೆ. 1721ರ ಕವಿತಾಸಂಪುಟದ ಪದಕೋಶದಲ್ಲಿ, ಮಾಟಗಾರರೂ ಜಾದೂಗಾರರೂ ನೋಡುವವರ ದೃಷ್ಟಿಯನ್ನು ವಂಚಿಸುವುದೆಂದು ಅದನ್ನು ವಿವರಿಸುತ್ತಾನೆ. ಕನ್ನಡದ ‘ಕಣ್ಕಟ್ಟು’ ಈ ಅರ್ಥಕ್ಕೆ ಅತಿ ನಿಕಟವಾದುದು. ‘ಎಸೆ’ ಎಂಬರ್ಥದ ಕ್ರಿಯಾಪದದೊಡನೆ ಇದರ ಬಳಕೆ ರೂಢವಾಗಿದ್ದುದು ಗಮನಾರ್ಹ. ಆಗಿನ ‘ಗ್ಲಾಮರ್’ ನೋಡಲ್ಪಡುವ ವಸ್ತುವಿನ ಗುಣವಲ್ಲ. ನೋಡುವವರ ಕಣ್ಣಿನ ಮೇಲೆ ಬೀಳುವ ಮುಸುಕು.

ಕೆಲವು ವಿದ್ವಾಂಸರು ಇದರ ಮೂಲವನ್ನು ಪ್ರಾಚೀನ ನಾರ್ಸ್ ಭಾಷೆಯಲ್ಲಿ ಅರಸಿದ್ದಾರೆ. ಅಲ್ಲಿನ ‘ಗ್ಲಾಮ್‌ಸೂನಿ’ ಪದಕ್ಕೆ ದೃಷ್ಟಿಭ್ರಮೆ ಎಂಬರ್ಥವಿದೆ. ಗ್ರೆಟ್ಟಿರ್‌ನ ಸಾಗಾದಲ್ಲಿ ಅದು ಗ್ಲಾಮ್ ಎಂಬ ಪ್ರೇತದ ಹೆಸರಿನೊಡನೆ ಬೆಸೆದುಕೊಂಡಿದೆ. ಸ್ಕಾಟ್ಲೆಂಡಿನ ಉತ್ತರಭಾಗಕ್ಕೂ ದ್ವೀಪಗಳಿಗೂ ನಾರ್ಸ್ ಸಂಪರ್ಕ ದೀರ್ಘಕಾಲದ್ದಾದುದರಿಂದ ಈ ಊಹೆ ಆಕರ್ಷಕವಾಗಿದೆ. ಆದರೆ ಸಾಗಾದ ಪದವನ್ನು ರಾಮ್ಸೆಯ ಕಾಲದ ಪದಕ್ಕೆ ಜೋಡಿಸುವ ಮಧ್ಯಂತರ ರೂಪಗಳು ಇದಕ್ಕೆ ಆಧಾರವಾಗಿ ಒದಗುವುದಿಲ್ಲ.

ಎರಡನೆಯ ನಿಷ್ಪತ್ತಿಯಂತೆ ‘ಗ್ಲಾಮರ್’ ಎಂಬುದು ‘ಗ್ರಾಮರ್’ ಪದದ ಮಾರ್ಪಟ್ಟ ರೂಪ. ಗ್ರೀಕ್ ಭಾಷೆಯ ‘ಗ್ರಾಮಟಿಕೆ’ ಅಕ್ಷರವಿದ್ಯೆ. ಅದು ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ ಬ್ರಿಟನ್ನಿಗೆ ಬಂದಿತು. ಮಧ್ಯಯುಗದಲ್ಲಿ ವ್ಯಾಕರಣವೆಂದರೆ ಮುಖ್ಯವಾಗಿ ಲ್ಯಾಟಿನ್ ವಿದ್ಯೆ. ಓದು ಬಾರದ ಬಹುಜನರ ಪಾಲಿಗೆ, ಅರಿಯದ ನುಡಿಯಲ್ಲಿ ಬರೆದ ಗ್ರಂಥ ಯಾವುದು, ಮಂತ್ರದ ಹೊತ್ತಗೆ ಯಾವುದು ಎಂಬ ಗೆರೆ ತೆಳುವಾಗಿತ್ತು. ಮಧ್ಯಕಾಲೀನ ಇಂಗ್ಲಿಷಿನ ‘ಗ್ರಾಮರಿ’ ಪದವು ಪಾಂಡಿತ್ಯವನ್ನೂ ಮಾಂತ್ರಿಕ ವಿದ್ಯೆಯನ್ನೂ ಸೂಚಿಸಿತು. ಫ್ರೆಂಚಿನಲ್ಲಿ ಅದೇ ಮೂಲದಿಂದ ‘ಗ್ರಿಮ್ವಾರ್’, ಎಂದರೆ ಮಾಟದ ಪುಸ್ತಕ, ಹುಟ್ಟಿತು. ಹೀಗೆ ಈ ಅರ್ಥಪಲ್ಲಟ ಸ್ಕಾಟ್ಸ್ ಭಾಷೆಗೆ ಮಾತ್ರ ಸೀಮಿತವಾದುದಲ್ಲ.

ಉಳಿಯುವುದು ಧ್ವನಿಯ ಪ್ರಶ್ನೆ. ಒಂದೇ ಪದದಲ್ಲಿ ಎರಡು ರಕಾರಗಳಿದ್ದಾಗ ಒಂದು ಲಕಾರವಾಗುವ ವಿಷಮೀಕರಣ ಯೂರೋಪಿನ ಭಾಷೆಗಳಲ್ಲಿ ಪರಿಚಿತ; ಲ್ಯಾಟಿನ್ನಿನ ‘ಪೆರೆಗ್ರಿನುಸ್’ ಪದವು ‘ಪೆಲೆಗ್ರಿನುಸ್’ ಆಗಿ ಇಂಗ್ಲಿಷಿನ ‘ಪಿಲ್‌ಗ್ರಿಮ್’ ರೂಪವನ್ನು ತಾಳಿದೆ. ಇದಕ್ಕಿಂತ ಬಲವಾದ ಸಾಕ್ಷ್ಯ ಮಧ್ಯಯುಗದ ಕೇಂಬ್ರಿಜ್‌ನದು. ಅಲ್ಲಿ ವ್ಯಾಕರಣಶಾಲೆಗಳ ಮೇಲ್ವಿಚಾರಕನಿಗೆ ‘ಮ್ಯಾಜಿಸ್ಟರ್ ಗ್ಲೊಮೆರಿಯೆ’ ಎಂಬ ಪದವಿಯಿತ್ತು. ಮಾಟದ ಅರ್ಥದ ಸೋಂಕಿಲ್ಲದೆಯೇ, ಇದೇ ಪದದ ಆದಿಯ ರಕಾರ ಲಕಾರವಾಗಿರುವುದನ್ನು ಇಲ್ಲಿ ಕಾಣುತ್ತೇವೆ. ಅರ್ಥದ ಹೆಜ್ಜೆಗೂ ಧ್ವನಿಯ ಹೆಜ್ಜೆಗೂ ಹೀಗೆ ಬೇರೆಬೇರೆ ಪುರಾವೆ ದೊರೆತಿರುವುದರಿಂದ ಎರಡನೆಯ ನಿಷ್ಪತ್ತಿಯೇ ಹೆಚ್ಚು ಸಮರ್ಥನೀಯ.

ರಾಬರ್ಟ್ ಬರ್ನ್ಸ್ 1789ರಲ್ಲಿ ಕ್ಯಾಪ್ಟನ್ ಗ್ರೋಸ್‌ನನ್ನು ಕುರಿತ ಪದ್ಯದಲ್ಲಿ ‘ಗ್ಲಾಮರ್’ ಮತ್ತು ‘ಗ್ರಾಮರ್’ಗಳನ್ನು ಅಂತ್ಯಪ್ರಾಸವಾಗಿ ಜೋಡಿಸುತ್ತಾನೆ, ಎರಡನೆಯದೂ ಅಲ್ಲಿ ನರಕದ ವಿದ್ಯೆಯೇ. ಪ್ರಾಸವು ನಿಷ್ಪತ್ತಿಗೆ ಪ್ರಮಾಣವಾಗಲಾರದು. ಆದರೆ ರೂಪದಲ್ಲಿ ಬೇರ್ಪಟ್ಟಿದ್ದ ಈ ಎರಡು ಪದಗಳು ಅರ್ಥದಲ್ಲಿ ಇನ್ನೂ ನೆರೆಯವಾಗಿದ್ದುವೆಂಬುದಕ್ಕೆ ಅದು ಸಾಕ್ಷಿ. ವಾಲ್ಟರ್ ಸ್ಕಾಟನ 1805ರ ಕಥನಕಾವ್ಯ ‘ದಿ ಲೇ ಆಫ್ ದಿ ಲಾಸ್ಟ್ ಮಿನ್‌ಸ್ಟ್ರೆಲ್’ ಈ ಪ್ರಾದೇಶಿಕ ಪದವನ್ನು ಇಂಗ್ಲಿಷ್ ಓದುಗರಿಗೆ ವ್ಯಾಪಕವಾಗಿ ಪರಿಚಯಿಸಿತು. 19ನೆಯ ಶತಮಾನದಲ್ಲಿ ವಂಚನೆಯ ಅಂಶ ಕ್ರಮೇಣ ಸವೆದು ಮೋಹಕತೆ ಮುಂದಾಯಿತು. 20ನೆಯ ಶತಮಾನದ ಚಲನಚಿತ್ರರಂಗ ಅದನ್ನು ತಾರೆಯರ ಗುಣವನ್ನಾಗಿಸಿತು. ನೋಡುವ ಕಣ್ಣಿಗೆ ಸೇರಿದ್ದುದು ನೋಡಲ್ಪಡುವ ದೇಹಕ್ಕೆ ವರ್ಗವಾದ ಈ ಪಲ್ಲಟವನ್ನು ಬರಿಯ ಅರ್ಥೋತ್ಕರ್ಷವೆಂದರೆ ಸಾಲದು. ಇಲ್ಲಿ ಅರ್ಥದ ಆಶ್ರಯವೇ ಬದಲಾಗಿದೆ.

ಇಂದು ಎರಡು ರೂಪಗಳೂ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದಿವೆ: ‘ಗ್ರಾಮರ್’ ಶಾಲೆಯ ಪಾಠಕ್ಕೆ, ‘ಗ್ಲಾಮರ್’ ಸಿನಿಮಾ ಪುಟಕ್ಕೆ. ಪ್ರಚಲಿತ ಅರ್ಥಗಳನ್ನಷ್ಟೇ ಹೋಲಿಸಿ ನೋಡಿದರೆ ಇವುಗಳ ರಕ್ತಸಂಬಂಧ ಗೋಚರಿಸದು. ನಿಷ್ಪತ್ತಿಯ ಅಧ್ಯಯನಕ್ಕೆ ಧ್ವನಿನಿಯಮದಷ್ಟೇ ಅಕ್ಷರವಿದ್ಯೆಯ ಸಾಮಾಜಿಕ ಚರಿತ್ರೆಯೂ ಬೇಕೆಂಬುದನ್ನು ಈ ಪದ ಸ್ಪಷ್ಟಪಡಿಸುತ್ತದೆ.