ಮನುಕಾ ಜೇನು: ಹೂವಿನ ಗುರುತು ಹಿಡಿದ ಬಗೆ

ಜೇನುತುಪ್ಪದಲ್ಲಿರುವ ವಿಶಿಷ್ಟ ರಾಸಾಯನಿಕಗಳನ್ನು ಅಳೆದು, ಅದು ಯಾವ ಹೂವಿನದೆಂದು ಹೇಳುವ ಪರೀಕ್ಷೆ ನ್ಯೂಜಿಲೆಂಡಿನ ಮನುಕಾ ಎಂಬ ಗಿಡದ ಜೇನಿನ ವಿಷಯದಲ್ಲಿ ಸರ್ಕಾರಿ ನಿಯಮವೇ ಆಯಿತು. ನಮ್ಮ ಮಲೆನಾಡಿನಲ್ಲಿ ತುಡುವೆ, ಹೆಜ್ಜೇನು, ಮಿಸ್ರಿ ಎಂದು ಜೇನಿಗೆ ಹುಳುವಿನ ಹೆಸರು. ಅಲ್ಲಿ ಬೆಲೆ ಕಟ್ಟುವುದು ಹೂವಿಗೆ.

ಹಳೆಯ ವಿಧಾನ ಪರಾಗದ್ದು. ಜೇನನ್ನು ನೀರಿನಲ್ಲಿ ಕದಡಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳಕ್ಕಿಳಿದ ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಿದ್ದರು. ಆದರೆ ಜೇನಾಗುವುದು ಮಕರಂದ, ಪರಾಗವಲ್ಲ. ಕಿತ್ತಳೆ ಜಾತಿಯ ಹೂಜೇನಿನಲ್ಲಿ ಪರಾಗ ಕಡಿಮೆ, ಚೆಸ್ಟ್‌ನಟ್ ಜೇನಿನಲ್ಲಿ ವಿಪರೀತ. ಮನುಕಾದ್ದು ಬೇರೆಯೇ ತೊಡಕು: ಪಕ್ಕದಲ್ಲೇ ಬೆಳೆಯುವ ಕನುಕಾ ಗಿಡದ ಪರಾಗವೂ ಕಣ್ಣಿಗೆ ಹಾಗೆಯೇ ಕಾಣುತ್ತದೆ.

1980ರ ದಶಕದಲ್ಲಿ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಈ ಜೇನಿನಲ್ಲೊಂದು ವಿಶೇಷ ಕಂಡರು. ಸಾಮಾನ್ಯ ಜೇನು ಬ್ಯಾಕ್ಟೀರಿಯಾ ಕೊಲ್ಲುವುದು ಮುಖ್ಯವಾಗಿ ಹೈಡ್ರೋಜನ್ ಪೆರಾಕ್ಸೈಡ್‌ನಿಂದ. ಮನುಕಾದಲ್ಲಿ ಪೆರಾಕ್ಸೈಡನ್ನು ಇಲ್ಲವಾಗಿಸಿದರೂ ಆ ಶಕ್ತಿ ಉಳಿಯಿತು. ಇದರಿಂದ ಹುಟ್ಟಿದ್ದು 'ಯುಎಂಎಫ್' ಅಂಕ. ಫಿನಾಲ್ ದ್ರಾವಣದ ಜೊತೆ ಹೋಲಿಸಿ ಕೊಡುವ ಅಂಕವಿದು: 10 ಎಂದರೆ ಶೇ. 10ರ ಫಿನಾಲ್‌ಗೆ ಸಮ. ಕಾರಣವನ್ನು 2008ರಲ್ಲಿ ಡ್ರೆಸ್ಡೆನ್‌ನ ಥಾಮಸ್ ಹೆನ್ಲೆ ತಂಡ ಪ್ರಕಟಿಸಿತು: ಮೀಥೈಲ್‌ಗ್ಲೈಆಕ್ಸಲ್. ಅವರ ಮನುಕಾ ಮಾದರಿಗಳಲ್ಲಿ ಅದು ಕಿಲೋಗೆ 38ರಿಂದ 761 ಮಿಲಿಗ್ರಾಂವರೆಗೆ ಇತ್ತು.

ಗುರುತು ಸಿಕ್ಕಿತು ಎನ್ನುವಷ್ಟರಲ್ಲಿ ಅದರ ದೌರ್ಬಲ್ಯವೂ ಗೊತ್ತಾಯಿತು. ಮೀಥೈಲ್‌ಗ್ಲೈಆಕ್ಸಲ್ ಹೂವಿನಿಂದ ನೇರವಾಗಿ ಬರುವುದಲ್ಲ. ಮಕರಂದದಲ್ಲಿರುವ ಡೈಹೈಡ್ರಾಕ್ಸಿಅಸಿಟೋನ್ ಜೇನಿನಲ್ಲಿ ನಿಧಾನವಾಗಿ ಅದಾಗಿ ಮಾರ್ಪಡುತ್ತದೆ. ಹಾಗಾಗಿ ಹೊಸ ಜೇನಿಗೆ ಅಂಕ ಕಡಿಮೆ, ಇಟ್ಟ ಜೇನಿಗೆ ಹೆಚ್ಚು. ಡೈಹೈಡ್ರಾಕ್ಸಿಅಸಿಟೋನ್ ಅಂತೂ ಚರ್ಮ ಕಂದಾಗಿಸುವ ಕ್ರೀಮುಗಳಿಗೆ ಬಳಸುವ ಮಾಮೂಲಿ ಪದಾರ್ಥ. ಕೊಂಡು ತಂದು ಕದಡುವವರನ್ನು ತಡೆಯುವವರಾರು? ಅಂಕ ಜೇನಿನ ಶಕ್ತಿ ಹೇಳೀತು, ಹೂವಿನ ಹೆಸರು ಹೇಳದು.

ಸರ್ಕಾರ ಕೊನೆಗೆ ಒಂದೇ ಸಾಕ್ಷಿಯನ್ನು ನೆಚ್ಚಲಿಲ್ಲ. 2018ರ ಫೆಬ್ರವರಿಯಲ್ಲಿ ಜಾರಿಗೆ ಬಂದ ವ್ಯಾಖ್ಯೆಯಲ್ಲಿ ನಾಲ್ಕು ರಾಸಾಯನಿಕಗಳಿವೆ, ಜೊತೆಗೆ ಮನುಕಾ ಪರಾಗದ ಡಿಎನ್‌ಎ ಗುರುತು. ಐದೂ ಕೂಡಿಬರಬೇಕು. ಏಕಪುಷ್ಪ ಮನುಕಾ ಎನಿಸಲು 3-ಫಿನೈಲ್‌ಲ್ಯಾಕ್ಟಿಕ್ ಆಮ್ಲ ಕಿಲೋಗೆ ಕನಿಷ್ಠ 400 ಮಿಲಿಗ್ರಾಂ ಇರಬೇಕು. 20ಕ್ಕಿಂತ ಕಡಿಮೆಯಿಲ್ಲದೆ 400 ಮುಟ್ಟದಿದ್ದರೆ ಅದು ಬಹುಪುಷ್ಪ. ಮೀಥೈಲ್‌ಗ್ಲೈಆಕ್ಸಲ್‌ಗೆ ಆ ಪಟ್ಟಿಯಲ್ಲಿ ಜಾಗವಿಲ್ಲ, ಶೀಶೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗುವುದು ಮಾತ್ರ ಇಂದಿಗೂ ಅದೇ.

ಈ ವ್ಯಾಖ್ಯೆ ಅನ್ವಯಿಸುವುದು ರಫ್ತಾಗುವ ಜೇನಿಗೆ.