ಕ್ರೀಡಾಪಟು ಜಾಗದ ಮಧ್ಯವರ್ತಿಯಾದಾಗ: ಗಡಿನಾಡಿನ ಸದಸ್ಯರಿಗೊಂದು ಮಾಹಿತಿ

ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟಗಳಲ್ಲಿ ಹೆಸರು ಮಾಡಿದವರು ಆಟ ಬಿಟ್ಟ ಮೇಲೆ ಹುಟ್ಟೂರಿನಲ್ಲೇ ಜಾಗದ ವ್ಯವಹಾರಕ್ಕೆ ಇಳಿಯುವುದುಂಟು. ಊರವರಿಗೆ ಅವರ ಮುಖ ಪರಿಚಿತ, ಮಾತಿಗೆ ಬೆಲೆ ಇದೆ. ಎಣ್ಮಕಜೆ ಪಂಚಾಯತಿನ ಪೆರ್ಲ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿದೆ. ಅಡ್ಕಸ್ಥಳ ದಾಟಿದರೆ ಕರ್ನಾಟಕ. ಆಚೆಯಿಂದ ಬಂದು ಕೊಳ್ಳುವವರಿಗೆ ಇಲ್ಲಿನ ಮಲಯಾಳಂ ದಾಖಲೆ ಓದಲು ಬಾರದಿದ್ದರೆ, ಅವರು ನಂಬುವುದು ಮಧ್ಯವರ್ತಿಯನ್ನೇ. ಆದ್ದರಿಂದ ಕೊಳ್ಳುವವರೂ ಈ ವೃತ್ತಿಗೆ ಬರುವವರೂ ಕೆಲವು ವಿಷಯ ತಿಳಿದಿರಬೇಕು.

ನೋಂದಣಿ

2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಪ್ರಕಾರ, ನೋಂದಾಯಿತ ಬಡಾವಣೆ ಅಥವಾ ಫ್ಲ್ಯಾಟ್ ಯೋಜನೆಯ ಮಾರಾಟದಲ್ಲಿ ಮಧ್ಯವರ್ತಿಯಾಗಲು ನೋಂದಣಿ ಕಡ್ಡಾಯ. ಇದು ಒಂದು ರಾಜ್ಯಕ್ಕೆ ಮಾತ್ರ ಅನ್ವಯ. ಪೆರ್ಲದಲ್ಲೂ ವಿಟ್ಲದಲ್ಲೂ ಇಂತಹ ಯೋಜನೆಗಳನ್ನು ಮಾರುವವರು ಕೇರಳ, ಕರ್ನಾಟಕ ಎರಡರಲ್ಲೂ ನೋಂದಾಯಿಸಬೇಕು. ತಪ್ಪಿದರೆ ದಿನಕ್ಕೆ 10,000 ರೂ.ನಂತೆ, ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡವಿದೆ.

ಒಬ್ಬರ ತೋಟವನ್ನು ಇನ್ನೊಬ್ಬರಿಗೆ ಕೊಡಿಸುವ ಬಿಡಿ ವ್ಯವಹಾರ ಈ ಕಾಯ್ದೆಯಡಿ ಬರುವುದಿಲ್ಲ. 500 ಚದರ ಮೀಟರ್, ಅಂದರೆ ಸುಮಾರು 12 ಸೆಂಟ್ಸ್ ಮೀರದ ಯೋಜನೆಗಳಿಗೂ ವಿನಾಯಿತಿ ಇದೆ. ನಮ್ಮಲ್ಲಿ ತೋಟ, ಮನೆ ಜಾಗಗಳ ಮಾರಾಟ ಹೆಚ್ಚಾಗಿ ಬಿಡಿ ವ್ಯವಹಾರವೇ. ಅಲ್ಲಿ ರೇರಾದ ರಕ್ಷಣೆ ಇಲ್ಲ. ದಾಖಲೆ ನೋಡಿಕೊಳ್ಳುವುದೇ ರಕ್ಷಣೆ.

ಮುಂಗಡಕ್ಕೆ ಮೊದಲು ನೋಡಬೇಕಾದದ್ದು

• ಮೂಲ ಆಧಾರ ಮತ್ತು ಅದರ ಹಿಂದಿನ ಆಧಾರಗಳು
• ಉಪ ನೋಂದಣಿ ಕಚೇರಿಯ ಋಣಭಾರ ಪತ್ರ
• ಗ್ರಾಮ ಕಚೇರಿಯ ಕೈವಶ ಪತ್ರ, ಚಾಲ್ತಿ ವರ್ಷದ ಕಂದಾಯ ರಸೀದಿ
• ಗದ್ದೆಯಾಗಿದ್ದ ಜಾಗವಾದರೆ, 2008ರ ಕೇರಳ ಗದ್ದೆ–ಜೌಗು ಭೂಮಿ ಸಂರಕ್ಷಣಾ ಕಾಯ್ದೆಯ ದತ್ತಾಂಶ ಪಟ್ಟಿಯಲ್ಲಿ ಅದು ಇದೆಯೇ ಎಂಬುದು. ಇದ್ದರೆ ಮನೆ ಕಟ್ಟುವ ಆಸೆಗೆ ತಡೆ ಬಿದ್ದೀತು.
• ತೋಟದ ಬದಿಯ ಕುಮ್ಕಿ. ಅದು ಸರಕಾರಿ ಭೂಮಿ. ಹಳೆಯ ವರ್ಗದಾರರಿಗೆ ಇದ್ದದ್ದು ಸೌಲಭ್ಯ ಮಾತ್ರ. ಅಡಿಕೆ ಮರ ನಿಂತಿದೆ ಎಂದು ಅದನ್ನೂ ಸೆಂಟ್ಸ್ ಲೆಕ್ಕಕ್ಕೆ ಸೇರಿಸಿ ಹಣ ಕೊಡಬಾರದು.

ಕೇರಳದಲ್ಲಿ ಮಾರಾಟ ಪತ್ರಕ್ಕೆ ಶೇ. 8 ಮುದ್ರಾಂಕ ಶುಲ್ಕ, ಶೇ. 2 ನೋಂದಣಿ ಶುಲ್ಕ ಇದೆ. ಈ ಖರ್ಚನ್ನು ಮೊದಲೇ ತಿಳಿಸುವುದು ಮಧ್ಯವರ್ತಿಯ ಕರ್ತವ್ಯ.

ಯಾರ ಪರ?

ಅಮೆರಿಕದ ರೋಜರ್ ಸ್ಟಾಬಾಕ್ 1969ರಿಂದ 1979ರವರೆಗೆ ಡಲ್ಲಾಸ್ ಕೌಬಾಯ್ಸ್ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಆಟದ ಬಿಡುವಿನಲ್ಲೇ ಆಸ್ತಿ ವ್ಯವಹಾರ ಕಲಿತು, 1977ರಲ್ಲಿ ತಾನಾಡಿದ ಊರಿನಲ್ಲೇ ಸ್ವಂತ ಸಂಸ್ಥೆ ಕಟ್ಟಿದರು. ಕಟ್ಟಡದ ಮಾಲೀಕರ ಪರವಲ್ಲ, ಬಾಡಿಗೆಗೆ ಬರುವ ಸಂಸ್ಥೆಗಳ ಪರ ಮಾತನಾಡುವುದು ಆ ಸಂಸ್ಥೆಯ ವಿಶೇಷವಾಗಿತ್ತು. 2008ರಲ್ಲಿ ಅದು 60 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ನಮ್ಮಲ್ಲಿ ಎರಡೂ ಕಡೆಯಿಂದ ಕಮಿಷನ್ ಪಡೆಯುವ ರೂಢಿ ಇದೆ. ಹಾಗಿದ್ದರೆ ಅದನ್ನು ಇಬ್ಬರಿಗೂ ಮೊದಲೇ ಹೇಳಿ, ಮೊತ್ತವನ್ನು ಬರೆದುಕೊಡುವುದು ಒಳ್ಳೆಯದು. ಹತ್ತಾರು ವರ್ಷ ಆಡಿ ಗಳಿಸಿದ ಹೆಸರು ಒಂದು ತಪ್ಪು ಆಧಾರದಿಂದ ಹೋದೀತು. ಕೊಂಡವರ ಜೀವಮಾನದ ಉಳಿತಾಯವೂ ಹೋದೀತು. ಮಧ್ಯವರ್ತಿ ಎಷ್ಟೇ ಪರಿಚಿತರಿರಲಿ, ಸದಸ್ಯರು ದಾಖಲೆಗಳನ್ನು ಮಲಯಾಳಂ ಬಲ್ಲ ವಕೀಲರಿಂದ ಓದಿಸಿಯೇ ಮುಂಗಡ ಕೊಡಬೇಕಾಗಿ ವಿನಂತಿ.