ಎರಡು ರೂಪಾಯಿ ಮೂವತ್ತು ಪೈಸೆಯ ಎರೆಭೂತ

ಮೊನ್ನೆ ಹಬ್ಬಕ್ಕೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದರೆ ಬೆಳ್ಳಟ್ಟಿ, ಶಿರಹಟ್ಟಿ ತಾಲೂಕು. ಹಬ್ಬದ ಹೆಸರಲ್ಲಿ ಅವ್ವ ಅಟ್ಟ ತೆಗೆಸಿದಾಗ ನನ್ನ ಹಳೇ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರೊಳಗೆ ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಕೂಡಿಹಾಕಿದ್ದ ಅಂಚೆಚೀಟಿಗಳು! ಊರಿನ ಅಂಚೆಯಣ್ಣನನ್ನು ಕಾಡಿ ಬೇಡಿ ಪಡೆದವು ಒಂದಿಷ್ಟು, ಹುಬ್ಬಳ್ಳಿಯಿಂದ ಮಾವ ತಂದುಕೊಟ್ಟ ಪ್ಯಾಕೆಟ್ಟಿನವು ಒಂದಿಷ್ಟು. ಅರ್ಧಕ್ಕರ್ಧ ಒಂದಕ್ಕೊಂದು ಅಂಟಿಕೊಂಡಿದ್ದವು. ಬೋಗುಣಿಯಲ್ಲಿ ನೀರು ಹಾಕಿ ನೆನೆಸಿ, ಒಂದೊಂದೇ ಬಿಡಿಸಿ, ಹಳೇ ಪೇಪರಿನ ಮೇಲೆ ಒಣಹಾಕಿದೆ. ಪ್ರಾಣಿ ಪಕ್ಷಿಗಳ ಚೀಟಿಗಳನ್ನು ಮಾತ್ರ ಬೇರೆ ಮಾಡಿ ಜೋಡಿಸುತ್ತಾ ಕೂತಾಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಅಂಚೆಚೀಟಿಗಳು ಬಂದದ್ದು 1854ರಲ್ಲಿ. ಅವುಗಳ ಮೇಲೆ ಇದ್ದದ್ದು ವಿಕ್ಟೋರಿಯಾ ರಾಣಿಯ ತಲೆ. ತಮಾಷೆ ನೋಡಿ, ಅದೇ 1854ರಲ್ಲಿ ಅದೇ ರಾಣಿಯ ಇನ್ನೊಂದು ವಸಾಹತು ಪಶ್ಚಿಮ ಆಸ್ಟ್ರೇಲಿಯಾ ತನ್ನ ಮೊದಲ ಚೀಟಿಯ ಮೇಲೆ ರಾಣಿಯನ್ನು ಬಿಟ್ಟು ತನ್ನ ನೆಲದ ಕರಿ ಹಂಸವನ್ನು ಹಾಕಿತು. ಮುಂದೆ 1913ರಲ್ಲಿ ಇಡೀ ಆಸ್ಟ್ರೇಲಿಯಾದ ಮೊದಲ ಚೀಟಿ ಬಂದಾಗ ಅದರಲ್ಲಿ ದೇಶದ ನಕ್ಷೆ, ನಕ್ಷೆಯೊಳಗೆ ಒಂದು ಕಾಂಗರೂ. "ನಾವು ಯಾರು?" ಅನ್ನೋ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಒಂದು ಪ್ರಾಣಿ!

ನಮ್ಮಲ್ಲಿ ಹಾಗಾಗಲಿಲ್ಲ. 1865ರ ಹೊತ್ತಿಗೆ ನಮ್ಮ ಚೀಟಿಗಳಿಗೂ ಒಂದು ಆನೆ ಬಂತು, ಆದರೆ ಕಣ್ಣಿಗೆ ಕಾಣುವಂತೆ ಅಲ್ಲ. ಕಾಗದದ ನೀರುಗುರುತಿನಲ್ಲಿ ಆನೆಯ ತಲೆ. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತೆ. ಮುಂದೆ ರಾಣಿ, ಹಿಂದೆ ಅಡಗಿದ ಆನೆ... ಆ ಕಾಲದ ಹಿಂದುಸ್ತಾನವನ್ನು ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ ಬಿಡಿ. 1937ರ ಆರನೇ ಜಾರ್ಜನ ಸರಣಿಯಲ್ಲಿ ಎತ್ತಿನ ಗಾಡಿ, ಟಾಂಗಾ, ಒಂಟೆ ಎಲ್ಲಾ ಬಂದವು. ಆದರೆ ಅವು ಟಪಾಲು ಹೊರುವ ನೌಕರರಾಗಿ ಬಂದವು, ಪ್ರಾಣಿಗಳಾಗಿ ಅಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1947ರಲ್ಲೇ ಸಿಂಹಗಳು ಬಂದವು, ಅಶೋಕ ಸ್ತಂಭದ ಕಲ್ಲಿನ ಸಿಂಹಗಳು. 1949ರ ಸರಣಿಯಲ್ಲಿ ಅಜಂತಾದ ಆನೆ, ಕೊನಾರ್ಕದ ಕುದುರೆ. ಎಲ್ಲಾ ಚಿತ್ರ, ಶಿಲ್ಪ. ಉಸಿರಾಡುವ ಕಾಡುಪ್ರಾಣಿಗೆ ಚೀಟಿ ಸಿಕ್ಕಿದ್ದು 1962ರಲ್ಲಿ, ವನ್ಯಜೀವಿ ಸಪ್ತಾಹಕ್ಕೆ. 15 ನಯೇ ಪೈಸೆಯ ಒಂಟಿ ಕೊಂಬಿನ ಘೇಂಡಾಮೃಗ. ಮರುವರ್ಷ 1963ರಲ್ಲಿ ಐದು ಚೀಟಿಗಳು: ಕಾಟಿ, ಕೆಂಪು ಪಾಂಡಾ, ಆನೆ, ಹುಲಿ, ಸಿಂಹ. 1976ರಲ್ಲಿ ಬಾರಾಸಿಂಗಾ, ಸಿಂಹ, ಚಿರತೆ, ಕ್ಯಾರಕಲ್. 1982ರಲ್ಲಿ ಕಾಶ್ಮೀರದ ಹಂಗುಲ್. 1983ರಲ್ಲಿ ನಮ್ಮ ಪಶ್ಚಿಮ ಘಟ್ಟದ ಸಿಂಗಳೀಕ. ಇದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಶರಾವತಿ ಕೊಳ್ಳದ ಕಡೆಯವರಿಗೆ ಗೊತ್ತಿರುತ್ತೆ.

ಈ ಪಟ್ಟಿ ನೋಡಿದರೆ ಒಂದು ವಿಷಯ ಕಾಣುತ್ತೆ. ಹೆಚ್ಚಿನವು ದಟ್ಟ ಕಾಡಿನವು, ಇಲ್ಲಾ ಹಿಮಾಲಯದವು. ನಮ್ಮ ಕಡೆ ಬೋಳು ಬಯಲು, ಎರೆಹೊಲ, ಕುರುಚಲು. ಇಲ್ಲಿನ ಕೃಷ್ಣಮೃಗ 1962, 63, 76ರ ಮೂರೂ ಕಂತಿನಲ್ಲಿ ಇಲ್ಲ. ನಮಗೆ ಕಾಡು ಅಂದರೆ ಮರ. ಹುಲ್ಲು ಇದ್ದರೆ ಅದು "ಖಾಲಿ ಜಾಗ"!

ಆದರೆ ಡಬ್ಬಿಯಲ್ಲಿ ಇನ್ನೊಂದು ಚೀಟಿ ಇತ್ತು. 1980ರದ್ದು, ಎರಡು ರೂಪಾಯಿ ಮೂವತ್ತು ಪೈಸೆ. ಉದ್ದ ಕುತ್ತಿಗೆಯ, ತಲೆ ಮೇಲೆ ಕರಿ ಟೊಪ್ಪಿಗೆ ಇಟ್ಟಂತಿರುವ ದೊಡ್ಡ ಹಕ್ಕಿ. ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮ ಕಡೆ ಎರೆಭೂತ. ಹೆಸರಲ್ಲೇ ಎರೆ ಇದೆ ನೋಡಿ. ಗಂಡು ಹಕ್ಕಿ ಹದಿನೈದು ಕಿಲೋವರೆಗೂ ತೂಗುತ್ತೆ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲಿ ಇದೂ ಒಂದು.

ಈ ಚೀಟಿಯ ಹಿಂದೆ ಒಂದು ಕತೆ ಇದೆ. 1970ರ ದಶಕದ ಕೊನೆಗೆ ಅರಬ್ ಶ್ರೀಮಂತರು ಗಿಡುಗಗಳ ಜೊತೆ ರಾಜಸ್ಥಾನಕ್ಕೆ ಬೇಟೆಗೆ ಬಂದಾಗ ಜನ ಬೀದಿಗಿಳಿದು ವಿರೋಧಿಸಿದರು. ಆಮೇಲೆ 1980ರ ನವೆಂಬರಿನಲ್ಲಿ ಜೈಪುರದಲ್ಲಿ ಈ ಜಾತಿಯ ಹಕ್ಕಿಗಳ ಬಗ್ಗೆಯೇ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಚೀಟಿ ಅದರ ನೆನಪಿಗೆ. ಅದಕ್ಕೂ ಮುಂಚೆ, ರಾಷ್ಟ್ರಪಕ್ಷಿ ಯಾವುದಾಗಬೇಕು ಎಂಬ ಚರ್ಚೆ ನಡೆದಾಗ ಸಲೀಂ ಅಲಿ ಈ ಹಕ್ಕಿಯ ಪರ ಇದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು.

ನಮ್ಮ ಹತ್ತಿರದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯ ಆಯಿತು. ಅಲ್ಲಿ ಕೃಷ್ಣಮೃಗವೂ ಇತ್ತು, ಎರೆಭೂತವೂ ಇತ್ತು. ಆದರೆ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟು ಬೆಳೆಸಿದ್ದರು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಹೆಚ್ಚಿತು. ನಾಲ್ಕೂ ದಿಕ್ಕು ದೂರದವರೆಗೆ ಕಾಣಬೇಕಾದ ಈ ಹಕ್ಕಿ ಹೋಯಿತು. ಈಗ ದೇಶದಲ್ಲಿ ಕಾಡಿನಲ್ಲಿ ಉಳಿದವು ಸುಮಾರು 150, ಬಹುಪಾಲು ಜೈಸಲ್ಮೇರ್ ಕಡೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದು ಬಿಟ್ಟರೆ ಮುಗಿಯಿತು. ಈ ಹಕ್ಕಿಗೆ ಎದುರಿನದು ಸರಿಯಾಗಿ ಕಾಣಲ್ಲ. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತೆ. 2019ರಿಂದ ರಾಜಸ್ಥಾನದಲ್ಲಿ ಮೊಟ್ಟೆ ತಂದು ಮರಿ ಮಾಡಿಸುವ ಕೆಲಸ ನಡೆದಿದೆ.

ಚಳಿಗಾಲದಲ್ಲಿ ನಮ್ಮ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಖುಷಿಯೇ. ಆದರೆ ಅವು ಅತಿಥಿಗಳು. ಮನೆಯವನು ಎಲ್ಲಿ?

ಅವತ್ತು ಸಂಜೆ ಕಟ್ಟೆ ಮೇಲೆ ಕೂತಿದ್ದ ಅಜ್ಜನಿಗೆ ಚೀಟಿ ತೋರಿಸಿದೆ. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಹಿಡಿದೆ.

"ಎರಿಭೂತ ಅಲ್ಲೇನೋ ಇದು!" ಅಂದರು.

ನಾನು ಹುಟ್ಟಿದಾಗಿನಿಂದ ಅಜ್ಜ ಈ ಹಕ್ಕಿಯ ಹೆಸರು ಎತ್ತಿದ್ದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಸಣ್ಣವರಿದ್ದಾಗ ದನ ಕಾಯಲು ಹೋದಾಗ ನೋಡುತ್ತಿದ್ದರಂತೆ. ಆಳೆತ್ತರದ ಜೋಳದ ಹೊಲದಲ್ಲಲ್ಲ, ಕೊಯ್ದು ಖಾಲಿಯಾದ ಹೊಲದಲ್ಲಿ, ಬೀಳುಭೂಮಿಯಲ್ಲಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಒಮ್ಮೆ ನೆಲದಾಗ ತತ್ತಿ ಸಿಕ್ಕಿತ್ತು. ಒಂದ ತತ್ತಿ. ನಾನೂ ನಮ್ಮ ಕಾಕಾನ ಮಗಾನೂ ತಂದು ಸುಟ್ಟು ತಿಂದ್ವಿ. ತಾಯಿ ಅಲ್ಲೇ ದೂರ ನಿಂತು ನೋಡತಿತ್ತು."

ಈ ಹಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದೇ ಒಂದು ಮೊಟ್ಟೆ ಅಂತ ನಾನು ಓದಿದ್ದೆ. ಅಜ್ಜನಿಗೆ ಹೇಳಲಿಲ್ಲ. ಹಸಿದ ಇಬ್ಬರು ಹುಡುಗರು ತಿಂದ ಒಂದು ಮೊಟ್ಟೆಯಿಂದ ಯಾವ ಜಾತಿಯೂ ಮುಗಿಯುವುದಿಲ್ಲ. ಮುಗಿಸಿದ್ದು ಬೇಟೆ, ನೇಗಿಲು, ನೀಲಗಿರಿ, ತಂತಿ ಎಲ್ಲಾ ಸೇರಿ. ಆ ತಂತಿಯ ಕರೆಂಟಿನಿಂದಲೇ ನಾನು ಇದನ್ನು ಟೈಪ್ ಮಾಡುತ್ತಿದ್ದೇನೆ.

"ಈಗ ಎಲ್ಲದಾವು?" ಕೇಳಿದರು.

"ರಾಜಸ್ಥಾನದಾಗ ಅಜ್ಜಾ."

"ಅಲ್ಲೆ ಬರೇ ಉಸುಕಂತಲ್ಲೋ. ಎರಿ ಎಲ್ಲೈತಿ ಅಲ್ಲೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉಳಿದ ಚೀಟಿಗಳನ್ನು ಬೆಂಗಳೂರಿಗೆ ತಂದಿದ್ದೇನೆ, ಆಲ್ಬಂ ಕೊಳ್ಳಬೇಕು. ಅದೊಂದನ್ನು ಮಾತ್ರ ಅಜ್ಜ ಕೇಳಿ ಇಟ್ಟುಕೊಂಡರು. ತಮ್ಮ ಪಿಂಚಣಿ ಪಾಸ್‌ಬುಕ್ಕಿನ ಒಳಗೆ.